ವಾರ್ತೆ ಓದುತ್ತಿದ್ದ ನನ್ನ ಮಗಳು

ನನ್ನ ಮಗಳು ಐದು ವರ್ಷ ತುಂಬುವವರೆಗೂ ಮಾತಾಡಲಿಲ್ಲ. ಕೊನೆಗೊಮ್ಮೆ ಮಾತಾಡಿದಾಗ ಅದು ನಮ್ಮ ಮನೆಯ ಭಾಷೆಯಾಗಿರಲಿಲ್ಲ.

ನಮ್ಮದು ಮದ್ದೂರಿನ ಮುಸ್ಲಿಂ ಮನೆ. ಒಳಗೆ ಆಡುವುದು ಉರ್ದು, ಹೊಸ್ತಿಲು ದಾಟಿದರೆ ಊರೆಲ್ಲ ಆಡುವ ಕನ್ನಡ. ನಾನು ಪಿಯುಸಿವರೆಗೆ ಕನ್ನಡದಲ್ಲೇ ಓದಿದವಳು, ಮನೆಯಲ್ಲಿ ಕೂತು ರವಿಕೆ ಹೊಲಿಯುತ್ತೇನೆ. ನನ್ನ ಗಂಡನದು ಮೋಟಾರ್ ವೈಂಡಿಂಗ್ ಅಂಗಡಿ. ಸುತ್ತಲ ಹಳ್ಳಿಗಳ ರೈತರು ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳನ್ನು ತಂದು ಹಾಕುತ್ತಾರೆ, ಇವರು ಒಳಗಿನ ತಾಮ್ರದ ತಂತಿಯನ್ನೆಲ್ಲ ಬಿಚ್ಚಿ ಹೊಸದಾಗಿ ಸುತ್ತಿ ಕೊಡುತ್ತಾರೆ. ಅಂಗಡಿ ಮನೆಯ ಮುಂಭಾಗದಲ್ಲೇ ಇರುವುದರಿಂದ ಮಗಳು ಬೆಳೆದದ್ದೆಲ್ಲ ಆ ತಂತಿಯ ಸುರುಳಿಗಳ ಪಕ್ಕದಲ್ಲಿ. ಅಲ್ಲಿ ಇಡೀ ದಿನ ರೇಡಿಯೋ ಹಾಕಿರುತ್ತಿತ್ತು. ಹಾಡು ಬಂದರೆ ಅವಳಿಗೆ ಗಮನವಿರಲಿಲ್ಲ. ವಾರ್ತೆ ಬಂದರೆ ಮಾತ್ರ ಕುತ್ತಿಗೆ ನೆಟ್ಟಗೆ ಮಾಡಿ ಕೂರುತ್ತಿದ್ದಳು.

ಒಂದು ಮಧ್ಯಾಹ್ನ ಮೊಸರನ್ನ ತಿನ್ನಿಸುತ್ತಿದ್ದೆ. ಅರ್ಧ ತಿಂದವಳು ತಟ್ಟೆಯನ್ನು ಆಚೆ ತಳ್ಳಿ, ಒಂದಕ್ಷರವೂ ತೊದಲದೆ ಹೇಳಿದಳು: "ಇಲ್ಲಿಗೆ ಈ ವಾರ್ತಾ ಪ್ರಸಾರ ಮುಕ್ತಾಯವಾಯಿತು."

ನಾನು ಕೂಗಿಕೊಂಡ ರಭಸಕ್ಕೆ ನನ್ನ ಗಂಡ ವಾರ್ನಿಷ್ ಮೆತ್ತಿದ ಕೈಯಲ್ಲೇ ಓಡಿಬಂದರು. ಅವರು ಮತ್ತೆ ಮತ್ತೆ ಕೇಳಿದರೂ ಅವಳು ಇನ್ನೊಂದು ಸಲ ಹೇಳಲಿಲ್ಲ. ಊಟ ಮುಗಿದಿತ್ತಲ್ಲ, ಇನ್ನೇಕೆ ಹೇಳಬೇಕು? ನಾವಿಬ್ಬರೂ ಬಿದ್ದು ಬಿದ್ದು ನಕ್ಕೆವು. ಆಮೇಲೆ ನಾನು ಅತ್ತೆ.

ಅಲ್ಲಿಂದ ಮಾತು ನಿಲ್ಲಲಿಲ್ಲ. ಎಲ್ಲವೂ ಪುಸ್ತಕದ ಕನ್ನಡ. ಮಂಡ್ಯದ ಡಾಕ್ಟರಮ್ಮ ಅವಳನ್ನು ಕೆಲವು ಸಲ ನೋಡಿ ಆಟಿಸಂ ಎಂದರು. ಆ ಪದವನ್ನು ನಾನು ಅವತ್ತೇ ಮೊದಲು ಕೇಳಿದ್ದು. "ಇದಕ್ಕೆ ಮಾತ್ರೆ ಏನಾದ್ರೂ ಇದ್ಯಾ ಮೇಡಂ?" ಎಂದು ನನ್ನ ಗಂಡ ಕೇಳಿದರು. "ಇದು ಕಾಯಿಲೆ ಅಲ್ಲ. ಇವಳು ಇರೋದೇ ಹೀಗೆ. ಕೆಲವು ಮಕ್ಕಳು ಮಾತನ್ನ ತುಂಡು ತುಂಡಾಗಿ ಕಲಿಯಲ್ಲ, ಇಡೀ ವಾಕ್ಯಾನೇ ಎತ್ಕೊಂಡ್ಬಿಡ್ತಾರೆ. ಇವಳು ರೇಡಿಯೋದಿಂದ ಎತ್ಕೊಂಡಿದ್ದಾಳೆ," ಎಂದು ಡಾಕ್ಟರಮ್ಮ ಹೇಳಿದರು. ವಾಪಸ್ ಬರುವಾಗ ಬಸ್ಸಿನಲ್ಲಿ ಇವರು ಒಂದೇ ಮಾತು ಆಡಿದ್ದು: "ಸದ್ಯ, ಎತ್ಕೊಂಡಿದ್ದು ಒಳ್ಳೇದನ್ನೇ."

ಉರ್ದು ಅವಳಿಗೆ ಅರ್ಥವಾಗುತ್ತಿತ್ತು, ನಾಲಿಗೆಗೆ ಬರುತ್ತಿರಲಿಲ್ಲ. ನನ್ನನ್ನು ಅಮ್ಮಿ, ಅವರನ್ನು ಅಬ್ಬಾ ಎನ್ನುತ್ತಿದ್ದಳು, ಅಷ್ಟೇ. ಅದಕ್ಕೇ ಅವಳ ಅಬ್ಬಾ ಅವಳೊಡನೆ ತಮಗೆ ಬರುವ ಮದ್ದೂರು ಕನ್ನಡದಲ್ಲೇ ಮಾತಾಡತೊಡಗಿದರು. ಕ್ರಮೇಣ ಮನೆಯೊಳಗೂ ಕನ್ನಡವೇ ಹೆಚ್ಚಾಯಿತು. "ಉಂಡ್ಯೇನವ್ವ?" ಎಂದು ಅವರು ಕೇಳಿದರೆ, "ಭೋಜನವು ಇದೀಗ ಪೂರ್ಣಗೊಂಡಿದೆ," ಎಂದು ಇವಳು. ಅಂಗಡಿಗೆ ಬಂದ ರೈತರು ತಮ್ಮ ಮೋಟಾರು ಯಾವಾಗ ಎಂದು ಕೇಳಿದರೆ, "ನಾಳೆ ಸಂಜೆಯ ವೇಳೆಗೆ ಸಿದ್ಧವಾಗುವ ನಿರೀಕ್ಷೆಯಿದೆ," ಎನ್ನುತ್ತಿದ್ದಳು. ಅವರಿಗೆ ಅದನ್ನು ಕೇಳುವುದೇ ಒಂದು ಖುಷಿ. "ಏನ್ ಚೆಂದಾಗ್ ಮಾತಾಡ್ತದೆ ಸಾಬ್ರೇ ನಿಮ್ ಮಗ! ಇನ್ನೊಂದ್ಸಲ ಯೋಳ್ಸಿ," ಎಂದು ಬೆಂಚಿನ ಮೇಲೆ ಕೂತುಬಿಡುತ್ತಿದ್ದರು. ಎಲ್ಲರೂ ನಗುತ್ತಿದ್ದರು, ನಾವೂ ನಗುತ್ತಿದ್ದೆವು. ಅವಳೂ ಖುಷಿಯಾದಾಗ ಬೆರಳುಗಳನ್ನು ಗಾಳಿಯಲ್ಲಿ ಪಟಪಟ ಆಡಿಸುತ್ತಿದ್ದಳು.

ಪ್ರೈಮರಿಯಲ್ಲಿ ತೊಂದರೆ ಆಗಲಿಲ್ಲ. ಸಣ್ಣಂದಿನಿಂದ ನೋಡಿದ ಮಕ್ಕಳು ಅವಳಿಗೆ ಒಗ್ಗಿಹೋಗಿದ್ದರು. ಹೈಸ್ಕೂಲಿಗೆ ಬೇರೆ ಶಾಲೆ, ಬೇರೆ ಮಕ್ಕಳು. ಒಂಬತ್ತನೇ ಕ್ಲಾಸಿನಲ್ಲಿ ಮನೆಪಾಠವನ್ನೆಲ್ಲ ಫೋನಿಗೇ ಕಳಿಸುತ್ತಿದ್ದರು, ಹಾಗಾಗಿ ನನ್ನ ಹಳೆಯ ಫೋನನ್ನು ಅವಳಿಗೆ ಕೊಟ್ಟೆವು. ಟೀಚರ್ ಇದ್ದ ಗ್ರೂಪು ಒಂದು. ಮಕ್ಕಳೇ ಮಾಡಿಕೊಂಡದ್ದು ಇನ್ನೊಂದು. ಆ ಎರಡನೆಯದಕ್ಕೆ ಇವಳನ್ನೂ ಸೇರಿಸಿದರು ಎಂದು ತಿಳಿದ ದಿನ ನಾನು ಪಾಯಸ ಮಾಡಿದೆ. ಅವಳನ್ನು ಯಾರೂ ಯಾವುದಕ್ಕೂ ಸೇರಿಸಿಕೊಂಡವರಲ್ಲ. ಒಂದು ಹುಟ್ಟುಹಬ್ಬಕ್ಕೂ ಕರೆದವರಿಲ್ಲ.

ಅವಳ ಮಾತು ಕೇಳಿದ ಮಕ್ಕಳು ಆ ಗ್ರೂಪಿನಲ್ಲಿ ದಿನಾ ಕ್ಲಾಸಿನ ವಾರ್ತೆ ಓದು ಎಂದರು. ಸ್ಕೂಲಿಂದ ಬಂದು ಮುಖ ತೊಳೆದು, ದುಪಟ್ಟಾ ಸರಿ ಮಾಡಿಕೊಂಡು, ಮಂಚದ ಮೇಲೆ ನೆಟ್ಟಗೆ ಕೂತು ಓದಿ, ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸುತ್ತಿದ್ದಳು. "ಇಂದು ಗಣಿತದ ಶಿಕ್ಷಕರು ರಜೆಯಲ್ಲಿದ್ದ ಕಾರಣ ವಿದ್ಯಾರ್ಥಿಗಳಲ್ಲಿ ಹರ್ಷ ವ್ಯಕ್ತವಾಯಿತು." ನಾನು ಹೊಲಿಗೆ ಮಷಿನ್ನು ನಿಲ್ಲಿಸಿ ಕೂರುತ್ತಿದ್ದೆ, ಅದರ ಶಬ್ದ ಸೇರಬಾರದೆಂದು. ಕಳಿಸಿದ ಮರುಗಳಿಗೆಯಲ್ಲೇ ಒಂದರ ಹಿಂದೊಂದು ನಗುವ ಮುಖಗಳು ಬರುತ್ತಿದ್ದವು.

ಒಂದು ದಿನ ಫೋನು ಹಿಡಿದು ಬಂದು ಕೇಳಿದಳು, "ಅಮ್ಮಿ, ಈ ಮುಖವು ನಗುತ್ತಿದೆ. ಆದರೆ ಕಣ್ಣುಗಳಿಂದ ನೀರು ಬರುತ್ತಿದೆ. ಇವರಿಗೆ ಸಂತೋಷವಾಗಿದೆಯೇ, ದುಃಖವಾಗಿದೆಯೇ?"

"ತುಂಬಾ ನಕ್ಕರೆ ಕಣ್ಣಲ್ಲಿ ನೀರು ಬರುತ್ತಲ್ಲ, ಅದು," ಎಂದೆ.

"ಹಾಗಾದರೆ ಬಹಳ ಸಂತೋಷವಾಗಿದೆ," ಎಂದು ಬೆರಳು ಆಡಿಸುತ್ತಾ ಹೋದಳು.

ನಾನು ಆ ಗ್ರೂಪನ್ನು ಒಮ್ಮೆಯೂ ತೆರೆದು ನೋಡಲಿಲ್ಲ. ಮಗಳ ಗೆಳೆಯರ ಮಾತನ್ನು ಕದ್ದು ನೋಡುವ ತಾಯಿ ಆಗಬಾರದು ಎಂದುಕೊಂಡಿದ್ದೆ.

ಅವಳ ಕ್ಲಾಸಿನಲ್ಲಿ ನಾಲೆ ಬಯಲಿನ ಹಳ್ಳಿಯೊಂದರಿಂದ ಬರುತ್ತಿದ್ದ ಹುಡುಗಿಯೊಬ್ಬಳಿದ್ದಳು. ಅವಳ ತಂದೆ ನಮ್ಮ ಅಂಗಡಿಯ ಹಳೆಯ ಗಿರಾಕಿ, ಕಬ್ಬು ಭತ್ತ ಬೆಳೆಯುವ ಗೌಡರು. ಇಂಟರ್ವಲ್ಲಿನಲ್ಲಿ ನನ್ನ ಮಗಳ ಪಕ್ಕ ಕೂತು ಡಬ್ಬಿ ಬಿಚ್ಚುತ್ತಿದ್ದವಳು ಆ ಹುಡುಗಿ ಒಬ್ಬಳೇ. ಹೆಚ್ಚು ಮಾತಿನವಳಲ್ಲ. ಬೆಲ್ಲು ಹೊಡೆದಾಗ ಇವಳು ಕಿವಿ ಮುಚ್ಚಿಕೊಂಡರೆ ಇವಳ ಚೀಲವನ್ನೂ ತಾನೇ ಎತ್ತಿಕೊಳ್ಳುತ್ತಿದ್ದಳಂತೆ.

ಒಂದು ಬೆಳಿಗ್ಗೆ ಆ ಗೌಡರು ಮೋಟಾರಿಲ್ಲದೆ ಅಂಗಡಿಗೆ ಬಂದರು. ಬೆಂಚಿನ ಮೇಲೆ ಕೂರಲಿಲ್ಲ.

"ಸಾಬ್ರೇ, ನಿಮ್ ಮಗಳು ಏನ್ ಯೋಳವ್ಳೆ ಒಸಿ ಕೇಳಿ," ಎಂದು ಫೋನನ್ನು ಗಲ್ಲಾಪೆಟ್ಟಿಗೆಯ ಮೇಲಿಟ್ಟರು.

ಒಳಗಿದ್ದ ನನಗೂ ಕೇಳಿಸಿತು. ನನ್ನ ಮಗಳ ದನಿ, ಅದೇ ಸ್ಪಷ್ಟ ಕನ್ನಡ. ಗೌಡರ ಮಗಳ ಹೆಸರು ಹೇಳಿ, ಕ್ಲಾಸಿನ ಒಬ್ಬ ಹುಡುಗನ ಹೆಸರು ಹೇಳಿ, ಅವರಿಬ್ಬರೂ ಶಿಂಷಾ ಹೊಳೆಯ ಸೇತುವೆ ಕೆಳಗೆ ಸಿಕ್ಕಿಬಿದ್ದರೆಂದು ವಾರ್ತೆ ಓದುತ್ತಿತ್ತು. ಅದಕ್ಕಿಂತ ಕೆಟ್ಟದ್ದೂ ಇತ್ತು, ಇಲ್ಲಿ ಬರೆಯಲಾರೆ. ಆ ಪದಗಳ ಅರ್ಥ ಇವಳಿಗೆ ಗೊತ್ತಿರಲು ಸಾಧ್ಯವೇ ಇರಲಿಲ್ಲ.

"ಊರೋರ್ ಫೋನಲ್ಲೆಲ್ಲ ಇದೇ ಆಗದೆ. ನಮ್ಮುಡ್ಗಿ ನೆನ್ನೆಯಿಂದ ಅನ್ನ ಮುಟ್ಟಿಲ್ಲ," ಎಂದರು ಗೌಡರು. ಸಿಟ್ಟಿಗಿಂತ ಹೆಚ್ಚಾಗಿ ದನಿಯಲ್ಲಿ ಸೋಲಿತ್ತು.

ನನ್ನ ಗಂಡ ಮಗಳನ್ನು ಕರೆದರು. "ಇದ್ನ ನೀನೇ ಯೋಳಿದ್ದೇನವ್ವ?"

"ಹೌದು ಅಬ್ಬಾ. ನನಗೆ ಬರೆದು ಕಳುಹಿಸಿದರು. ನಾನು ಓದಿದೆನು."

"ಯಾರ್ ಬರ್ದ್ರು?"

ಅವಳು ಮೂವರ ಹೆಸರು ಹೇಳಿದಳು. ಸುಳ್ಳು ಹೇಳಲು ಅವಳಿಗೆ ಬರುವುದಿಲ್ಲ, ಮುಚ್ಚಿಡಲೂ ಬರುವುದಿಲ್ಲ. ಆ ಮೂವರಲ್ಲಿ ಒಬ್ಬಳು ನಮ್ಮ ಮನೆಗೆ ಬಂದು ನನ್ನ ಕೈಯ ಶಾವಿಗೆ ತಿಂದು ಹೋದ ಹುಡುಗಿ. ಇವಳನ್ನು ಗ್ರೂಪಿಗೆ ಸೇರಿಸಿದವಳೂ ಅವಳೇ.

"ಅದು ಸುಳ್ಳು ಅಂತ ನಿಂಗ್ ಗೊತ್ತಾಗ್ಲಿಲ್ವಾ?" ಎಂದೆ ನಾನು.

ಅವಳು ನನ್ನ ಮುಖ ನೋಡದೆ ನೆಲ ನೋಡುತ್ತಾ ಹೇಳಿದಳು, "ವಾರ್ತೆಯನ್ನು ಬರೆಯುವವರು ಬೇರೆ, ಓದುವವರು ಬೇರೆ. ಓದುವವರು ಬರೆದದ್ದನ್ನು ಓದುತ್ತಾರೆ."

ಗೌಡರು ಅವಳನ್ನೇ ನೋಡುತ್ತಾ ನಿಂತರು. ಎಷ್ಟೋ ಸಲ ಅದೇ ಬೆಂಚಿನ ಮೇಲೆ ಕೂತು ಇವಳ ಮಾತು ಕೇಳಿ ನಕ್ಕವರು ಅವರು. ಕೊನೆಗೆ ಫೋನು ಜೇಬಿಗೆ ಹಾಕಿಕೊಂಡು, "ಇದ್ರುದೇನೂ ತಪ್ಪಿಲ್ಲ ಬುಡಿ ಸಾಬ್ರೇ. ಇದ್ರ ಬಾಯಿಂದ ಬ್ಯಾರೇರು ಮಾತಾಡವ್ರೆ," ಎಂದು ಹೊರಟರು. ಅವರು ಕೂಗಾಡಿದ್ದರೆ ನಮಗೆ ಇಷ್ಟು ನೋವಾಗುತ್ತಿರಲಿಲ್ಲ.

ಅವತ್ತು ಮೊದಲ ಸಲ ಆ ಗ್ರೂಪನ್ನು ತೆರೆದೆ. ನನ್ನ ಮಗಳ ಮುಖವನ್ನು ಸ್ಟಿಕರ್ ಮಾಡಿದ್ದರು, ಬಾಯಿ ತೆರೆದದ್ದು, ಕಿವಿ ಮುಚ್ಚಿಕೊಂಡದ್ದು. ಅವಳು ಓದಿದ ವಾರ್ತೆಗಳನ್ನು ಎಮ್ಮೆಯ ಬಾಯಿಗೆ, ಕತ್ತೆಯ ಬಾಯಿಗೆ ಕೂರಿಸಿ ರೀಲ್ಸ್ ಮಾಡಿ, ಅದಕ್ಕೆಂದೇ ಒಂದು ಪೇಜು ಮಾಡಿ ಬಿಟ್ಟಿದ್ದರು. ಕಂಡರಿಯದ ಊರಿನವರೆಲ್ಲ ಬಂದು ಕಾಮೆಂಟು ಹಾಕಿದ್ದರು. ಕೆಲವರು ಹುಚ್ಚಿ ಎಂದಿದ್ದರು. ಕೆಲವರು ನಮ್ಮ ಜಾತಿ ಹಿಡಿದು ಬೈದಿದ್ದರು. ಎಲ್ಲದರ ಕೆಳಗೂ ಕಣ್ಣೀರು ಸುರಿಸುತ್ತಾ ನಗುವ ಆ ಹಳದಿ ಮುಖಗಳು. ಅವಳು ಅವನ್ನೆಲ್ಲ ನೋಡಿದ್ದಳು, ತಿಂಗಳುಗಟ್ಟಲೆ, ಬಹಳ ಸಂತೋಷ ಎಂದುಕೊಂಡು. ಹಾಗೆಂದು ಹೇಳಿಕೊಟ್ಟವಳು ನಾನು.

ಸ್ಕೂಲಿಗೆ ಹೋದೆವು. ಹೆಡ್‌ಮಾಸ್ಟರು ಮೂವರನ್ನೂ ಕರೆಸಿದರು. "ತಮಾಸೆಗ್ ಮಾಡುದ್ವಿ ಸಾರ್, ಅವ್ಳೂ ನಗ್ತಿದ್ಲು," ಎಂದ ಒಬ್ಬ ಹುಡುಗ. ಅದು ಸುಳ್ಳಲ್ಲ, ಅವಳು ನಿಜವಾಗಿಯೂ ನಗುತ್ತಿದ್ದಳು. ಹೆಡ್‌ಮಾಸ್ಟರು ಮಕ್ಕಳಿಗೆ ಬೈದು, ಪೇಜು ತೆಗೆಸಿ, ನಮ್ಮ ಕಡೆ ತಿರುಗಿ, "ನೀವು ಮೊದ್ಲು ಮಗೀಗ್ ಫೋನ್ ಕೊಡೋದ್ ನಿಲ್ಸಿ," ಎಂದರು. ಪೊಲೀಸರಿಗೆ ದೂರು ಕೊಡೋಣ ಎಂದೆ ನಾನು. ಇವರು ಠಾಣೆಯವರೆಗೆ ಹೋಗಿ, ಎದುರಿನ ಟೀ ಅಂಗಡಿಯಲ್ಲಿ ಟೀ ಕುಡಿದು ವಾಪಸ್ ಬಂದರು. "ಎಣ್ ಮಕ್ಳ ಎಸ್ರು ಅಲ್ಲೂ ಬರೀಬೇಕಾಯ್ತದೆ, ಬುಡು," ಎಂದರು. ಅವರ ಮಾತೂ ಸರಿ ಅನ್ನಿಸಿತು. ಫೋನು ಕಿತ್ತಿಟ್ಟೆವು.

ಪೇಜು ಹೋಯಿತು, ಅದರಲ್ಲಿದ್ದದ್ದು ಹೋಗಲಿಲ್ಲ. ಪ್ರತಿಯೊಬ್ಬರ ಫೋನಿನಲ್ಲೂ ಅದಿತ್ತು. ಇವಳು ಬಸ್‌ಸ್ಟ್ಯಾಂಡ್ ದಾಟಿ ಸ್ಕೂಲಿಗೆ ನಡೆಯುವಾಗ ಹಿಂದಿನಿಂದ ಇವಳ ದನಿಯನ್ನೇ ಜೋರಾಗಿ ಹಾಕುತ್ತಿದ್ದರು. ತಿರುಗಿ ನೋಡಿದರೆ ಎಲ್ಲರೂ ಆಕಾಶ ನೋಡುತ್ತಿದ್ದರು.

ಒಂದು ಸಂಜೆ ಅವಳು ಬಂದು ನನ್ನ ಮಷಿನ್ನಿನ ಪಕ್ಕ ನಿಂತಳು.

"ಅಮ್ಮಿ, ಒಂದು ಪ್ರಶ್ನೆಯಿದೆ."

"ಕೇಳವ್ವ."

"ನಾನು ಮಾತನಾಡಿದಾಗ ಅವರು ನಗುತ್ತಿದ್ದರು. ನೀವೂ ಅಬ್ಬಾ ಅವರೂ ನಗುತ್ತಿದ್ದಿರಿ. ಈ ಎರಡು ನಗುಗಳ ನಡುವೆ ಇರುವ ವ್ಯತ್ಯಾಸವೇನು?"

ನಮ್ಮದು ಪ್ರೀತಿಯಿಂದ ನಕ್ಕದ್ದು, ಅವರದ್ದು ಹಾಗಲ್ಲ ಎಂದು ಹೇಳಿದೆ. "ಅದು ಹೇಗೆ ತಿಳಿಯುತ್ತದೆ?" ಎಂದಳು. ಮುಖ ನೋಡಿದರೆ ಗೊತ್ತಾಗುತ್ತೆ ಎಂದೆ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಮುಖ ನೋಡಿ ತಿಳಿಯುವುದೇ ಅವಳಿಗೆ ಬಾರದ್ದು. ಇವತ್ತಿಗೂ ಸರಿಯಾದ ಉತ್ತರ ಹೊಳೆದಿಲ್ಲ.

ಅದಾದ ಮೇಲೆ ಅವಳ ಮಾತು ನಿಂತಿತು.

ಸ್ಕೂಲಿಗೆ ಹೋಗುವುದನ್ನು ಬಿಟ್ಟಳು. ಊಟ ಬಿಟ್ಟಳು. ಮುಂಗೈಯನ್ನು ಹಲ್ಲಿನಲ್ಲಿ ಕಚ್ಚಿ ಕಚ್ಚಿ ಗಾಯ ಮಾಡಿಕೊಂಡಳು. ಅಂಗಡಿಯ ರೇಡಿಯೋದಲ್ಲಿ ವಾರ್ತೆ ಶುರುವಾದರೆ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದಳು. ನನ್ನ ಗಂಡ ಆ ರೇಡಿಯೋವನ್ನು ಯಾರಿಗೋ ಕೊಟ್ಟುಬಿಟ್ಟರು. ಅಷ್ಟು ವರ್ಷ ಸದ್ದಿದ್ದ ಅಂಗಡಿ ಬಿಕೋ ಎನ್ನತೊಡಗಿತು. ರೈತರು ಬಂದು, "ಎಲ್ಲವ್ಳೆ ನಮ್ ವಾರ್ತೆ ಮಗ?" ಎಂದು ಕೇಳಿದರೆ ಇವರು ತಂತಿ ಸುತ್ತುತ್ತಾ ತಲೆ ಎತ್ತುತ್ತಿರಲಿಲ್ಲ.

ಮಂಡ್ಯದ ಡಾಕ್ಟರಮ್ಮನ ಹತ್ತಿರ ಮತ್ತೆ ಕರೆದುಕೊಂಡು ಹೋದೆವು. ಅವರು ಈ ಸಲ ಮಾತ್ರೆ ಬರೆದುಕೊಟ್ಟರು. ಮನಸ್ಸು ಕುಸಿದಿದೆ, ಇದಕ್ಕೆ ಚಿಕಿತ್ಸೆ ಇದೆ, ಒಬ್ಬಳನ್ನೇ ಬಿಡಬೇಡಿ ಎಂದರು. ಹೊರಡುವಾಗ ನನ್ನನ್ನು ಒಬ್ಬಳನ್ನೇ ನಿಲ್ಲಿಸಿಕೊಂಡು, "ಫೋನ್ ಕಿತ್ಕೊಂಡ್ರಾ?" ಎಂದು ಕೇಳಿದರು. ಹೌದು ಎಂದೆ. "ತಪ್ಪು ಮಾಡಿದೋರ ಕೈಲಿ ಫೋನ್ ಇದೆ, ಇವಳ ಕೈಲಿ ಇಲ್ಲ. ಇವಳು ಅದನ್ನ ಹೇಗೆ ಅರ್ಥ ಮಾಡ್ಕೊಂಡಿರ್ತಾಳೆ ಯೋಚನೆ ಮಾಡಿ." ಮನೆಗೆ ಬಂದು ಫೋನನ್ನು ಅವಳ ದಿಂಬಿನ ಪಕ್ಕ ಇಟ್ಟೆ. ಅವಳು ಮುಟ್ಟಲಿಲ್ಲ.

ಮದ್ದೂರಿನಿಂದ ಸ್ವಲ್ಪ ದಿನ ದೂರ ಇರಲಿ ಎಂದು ಮಳವಳ್ಳಿಗೆ, ನನ್ನ ತಾಯಿಯ ಮನೆಗೆ ಕರೆದುಕೊಂಡು ಹೋದೆ. ಅಮ್ಮ ಏನನ್ನೂ ಕೇಳಲಿಲ್ಲ. ಅವರಿಗೆ ರೀಲ್ಸ್ ಗೊತ್ತಿಲ್ಲ, ಗ್ರೂಪು ಗೊತ್ತಿಲ್ಲ. ಅವರೆಕಾಯಿಯ ಕಾಲ. ರಾತ್ರಿ ನೆನೆಹಾಕಿದ ಕಾಳನ್ನು ಬೆಳಿಗ್ಗೆ ಬೋಗುಣಿಯಲ್ಲಿ ಅವಳ ಮುಂದಿಟ್ಟು, ಒಂದು ಕಾಳನ್ನು ಬೆರಳಲ್ಲಿ ಹಿಚುಕಿ ಸಿಪ್ಪೆಯಿಂದ ಜಾರಿಸಿ ತೋರಿಸಿದರು. ಅವಳು ನೋಡಿದಳು. ತಾನೂ ಒಂದನ್ನು ಹಿಚುಕಿದಳು. ಕಾಳು ಪುಳಕ್ಕನೆ ಹಾರಿ ಅಮ್ಮನ ಮಡಿಲಿಗೆ ಬಿತ್ತು. ಆಮೇಲೆ ಊಟದ ಹೊತ್ತಿನವರೆಗೂ ಇಬ್ಬರೂ ಅದೇ ಕೆಲಸದಲ್ಲಿದ್ದರು. ಮಾರನೆಯ ದಿನ ಅಮ್ಮ ಅಕ್ಕಪಕ್ಕದ ಮನೆಗಳ ಅವರೆಯನ್ನೂ ಕೇಳಿ ತಂದರು. ಹಿತಕಿದ ಅವರೆಬೇಳೆ ಸಾರನ್ನು ಆ ಬೀದಿಯವರು ಅಷ್ಟು ದಿನ ಸತತವಾಗಿ ಹಿಂದೆಂದೂ ಉಂಡಿರಲಾರರು. ನಿಧಾನವಾಗಿ ಅವಳೂ ಉಣ್ಣತೊಡಗಿದಳು. ಕೈಯ ಗಾಯ ಒಣಗಿತು.

ಮದ್ದೂರಿಗೆ ಹಿಂತಿರುಗುವ ದಿನ ಬಸ್ಸಿನಲ್ಲಿ ಕಿಟಕಿ ಪಕ್ಕ ಅವಳು, ಪಕ್ಕದಲ್ಲಿ ನಾನು. ಗಾಳಿ ಜೋರಾಗಿತ್ತು. ಕಿಟಕಿ ಮುಚ್ಚಲೇ ಎಂದು ಕೇಳಿದೆ, ಉತ್ತರ ಬರುತ್ತದೆಂದು ಅಲ್ಲ, ಕೇಳುವ ಅಭ್ಯಾಸಕ್ಕೆ.

"ಇರ್ಲಿ ಬುಡಮ್ಮಿ. ಏನಾಗಕಿಲ್ಲ," ಎಂದಳು.

ನಾನು ತಿರುಗಿ ನೋಡಿದೆ. ಬೇರೆ ಯಾರೋ ಮಾತಾಡಿದಂತಿತ್ತು. ನಮ್ಮ ಕಡೆ ಹುಡುಗಿಯರು ಒಬ್ಬರನ್ನೊಬ್ಬರು 'ಅಮ್ಮಿ' ಎಂದೇ ಕರೆಯುತ್ತಾರೆ, ಬಾರಮ್ಮಿ, ಬುಡಮ್ಮಿ ಎಂದು. ಅವಳು ತಾಯಿಯನ್ನು ಕರೆದಳೋ, ತನ್ನ ಕ್ಲಾಸಿನವರಂತೆ ಕರೆದಳೋ, ನನಗೆ ತಿಳಿಯಲಿಲ್ಲ.

ಮನೆಯಲ್ಲಿ ಹಬ್ಬದಂತಾಯಿತು. "ನೋಡು, ಈಗ ಎಲ್ರಂಗೇ ಮಾತಾಡ್ತಾಳೆ," ಎಂದು ನನ್ನ ಗಂಡ ಕಣ್ಣೊರೆಸಿಕೊಂಡರು. ನೆಂಟರು ಮಾತ್ರೆಯ ಹೆಸರು ಕೇಳಿದರು. ನನಗೂ ಸಂತೋಷವೇ ಆಗಿತ್ತು. ಆಮೇಲೊಂದು ಬೆಳಿಗ್ಗೆ ಅವಳ ಕೋಣೆಯ ಬಾಗಿಲು ಸ್ವಲ್ಪ ತೆರೆದಿತ್ತು. ಕನ್ನಡಿಯ ಮುಂದೆ ನಿಂತು ಹೇಳಿಕೊಳ್ಳುತ್ತಿದ್ದಳು: "ಹೋಗುತ್ತೇನೆ. ಓಯ್ತೀನಿ. ಓಯ್ತೀನಿ ಕಣಮ್ಮಿ. ಓಯ್ತೀನಿ ಕಣಮ್ಮಿ." ಬಾಯಿತಪ್ಪಿ ಹಕಾರ ಬಂದುಬಿಟ್ಟರೆ ತುಟಿ ಬಿಗಿದು ಮತ್ತೆ ಮೊದಲಿನಿಂದ. ಅವಳ ಕೈಯಲ್ಲಿ ಆ ಫೋನಿತ್ತು. ಗ್ರೂಪಿನವರು ಅವಳನ್ನು ಆಡಿಕೊಂಡು ಕಳಿಸಿದ್ದ ದನಿಗಳನ್ನೇ ಹಾಕಿಕೊಂಡು, ಕೇಳಿ ಕೇಳಿ, ಅವರು ಹೇಗೆ ಮಾತಾಡುತ್ತಾರೋ ಹಾಗೆ ಕಲಿಯುತ್ತಿದ್ದಳು.

ಒಳಗೆ ಹೋಗಿ ತಬ್ಬಿಕೊಂಡೆ. ಅವಳಿಗೆ ಹಾಗೆ ಹಠಾತ್ತಾಗಿ ಮುಟ್ಟುವುದು ಆಗುವುದಿಲ್ಲ, ಆದರೂ ಸುಮ್ಮನಿದ್ದಳು. "ನೀನು ಮೊದಲಿನ ಥರಾನೇ ಮಾತಾಡವ್ವ. ನಂಗೆ ಅದೇ ಇಷ್ಟ," ಎಂದೆ.

"ಅದ್ ಮುಗ್ದೋಯ್ತು ಬುಡಮ್ಮಿ," ಎಂದಳು.

ನನಗೆ ಅದೇ ಇಷ್ಟ ಎಂದು ಅವಳಿಗೆ ನಾನು ಹೇಳಿದ್ದು ಅದೇ ಮೊದಲು. ಅಲ್ಲಿಯವರೆಗೆ ನಕ್ಕಿದ್ದೆ, ನೆಂಟರೆದುರು ಮಾತಾಡಿಸಿದ್ದೆ, ಇಷ್ಟ ಎಂದು ಮಾತ್ರ ಹೇಳಿರಲಿಲ್ಲ.

ಹತ್ತನೇ ಕ್ಲಾಸನ್ನು ಮನೆಯಲ್ಲೇ ಓದಿ ಖಾಸಗಿಯಾಗಿ ಕಟ್ಟಿ ಪಾಸಾದಳು. ಗೌಡರ ಮಗಳನ್ನು ಅವರ ಮನೆಯವರು ಆ ಗಲಾಟೆಯಾದ ಮೇಲೆ ಮಂಡ್ಯದಲ್ಲಿ ಸೋದರತ್ತೆಯ ಮನೆಗೆ ಕಳಿಸಿ ಅಲ್ಲಿಯ ಶಾಲೆಗೆ ಸೇರಿಸಿದ್ದರು. ಕಳೆದ ಬೇಸಿಗೆ ರಜೆಯಲ್ಲಿ ಗೌಡರು ಮೋಟಾರು ತಂದಾಗ ಅವಳೂ ಗಾಡಿಯಲ್ಲಿ ಬಂದಿದ್ದಳು. ಎತ್ತರವಾಗಿದ್ದಳು. ನನ್ನ ಮಗಳು ಅಂಗಡಿಯಲ್ಲಿ ಅಬ್ಬಾನಿಗೆ ತಂತಿಯ ಸುತ್ತು ಎಣಿಸಿಕೊಡುತ್ತಿದ್ದಳು. ಗಂಡಸರಿಬ್ಬರೂ ಮೋಟಾರು ಇಳಿಸಲು ಹೊರಗೆ ಹೋದ ಮೇಲೆ ಆ ಹುಡುಗಿ ಅವಳ ಪಕ್ಕ ಬಂದು ಕೂತಳು. ನಾನು ಶರಬತ್ತು ತಂದಿಟ್ಟು ಪರದೆಯ ಹಿಂದೆ ನಿಂತೆ.

"ನಂಗ್ ನಿನ್ ಮೇಲೆ ಯಾವತ್ತೂ ಕ್ವಾಪ ಇರ್ನಿಲ್ಲ ಕಣೇ," ಎಂದಳು ಆ ಹುಡುಗಿ. "ನೀನ್ ಯೋಳ್ದಂಗೆ ಆಗಿತ್ತು ಅಷ್ಟೇ, ಯೋಳ್ದೋಳು ನೀನಲ್ಲ ಅಂತ ನಂಗ್ ಗೊತ್ತಿತ್ತು."

"ಊಂ," ಎಂದಳು ನನ್ನ ಮಗಳು.

"ಒಂದ್ ಸಲ ವಾರ್ತೆ ಯೋಳೇ. ನಾನೊಬ್ಳೇ ಇರೋದು. ನಗಾಕಿಲ್ಲ."

ಮಗಳು ಕೈಯಲ್ಲಿದ್ದ ತಂತಿಯ ತುದಿಯನ್ನು ಬೆರಳಿಗೆ ಸುತ್ತಿ, ಮತ್ತೆ ಬಿಚ್ಚಿದಳು.

"ನಂಗ್ ಬರಾಕಿಲ್ಲ ಕಣೇ," ಎಂದಳು ಮಗಳು. ಆ ಹುಡುಗಿ ಮತ್ತೆ ಒತ್ತಾಯ ಮಾಡಲಿಲ್ಲ. ಹೋಗುವಾಗ ತನ್ನ ನಂಬರು ಕೊಟ್ಟು ಹೋದಳು. ಈಗ ವಾರಕ್ಕೊಮ್ಮೆ ಅವರಿಬ್ಬರೂ ಮೆಸೇಜು ಕಳಿಸಿಕೊಳ್ಳುತ್ತಾರೆ, ಹೆಚ್ಚಾಗಿ ಬೆಕ್ಕಿನ ಮರಿಗಳ ಫೋಟೋ. ನಾನು ತೆರೆದು ನೋಡುತ್ತೇನೆ. ಅವಳಿಗೆ ಹೇಳಿಯೇ ನೋಡುತ್ತೇನೆ.

ಮಗಳು ಈಗ ಮದ್ದೂರಿನಲ್ಲೇ ಪಿಯುಸಿ ಓದುತ್ತಿದ್ದಾಳೆ. ಮಾತ್ರೆ ಕಡಿಮೆಯಾಗಿದೆ. ಕಾಲೇಜಿನಲ್ಲಿ ಅವಳನ್ನು ಯಾರೂ ವಿಚಿತ್ರವಾಗಿ ನೋಡುವುದಿಲ್ಲವಂತೆ, ಲೆಕ್ಚರರ್ ಒಬ್ಬರು ನನಗೆ ಹಾಗೆ ಹೇಳಿ ಅಭಿನಂದಿಸಿದರು. ಮೂರೂವರೆಗೆ ಮನೆಗೆ ಬರುತ್ತಾಳೆ. ಚೀಲ ಇಟ್ಟು, ಕಿಟಕಿ ಮುಚ್ಚಿ, ಲೈಟು ಹಾಕದೆ, ಗೋಡೆ ಕಡೆ ತಿರುಗಿ ಮಲಗುತ್ತಾಳೆ. ಇಡೀ ದಿನ ನಮ್ಮ ಹಾಗೆ ಮಾತಾಡಿ ಸುಸ್ತಾಗಿರುತ್ತದೆ. ಇದನ್ನು ಹೇಳಿದ್ದು ಡಾಕ್ಟರಮ್ಮ. ನಾನಾಗಿದ್ದರೆ ಬರೀ ಬಿಸಿಲಿನ ದಣಿವು ಎಂದುಕೊಳ್ಳುತ್ತಿದ್ದೆ.

ಆ ಹೊತ್ತಿನಲ್ಲಿ ನಾನು ಮಷಿನ್ನು ತುಳಿಯುವುದಿಲ್ಲ. ಅವಳ ಅಬ್ಬಾ ಅಂಗಡಿಯಲ್ಲಿ ಸುತ್ತಿಗೆ ಮುಟ್ಟುವುದಿಲ್ಲ, ಗಿರಾಕಿ ಬಂದರೆ ಬೀದಿಗೆ ಕರೆದುಕೊಂಡು ಹೋಗಿ ಮಾತಾಡಿಸುತ್ತಾರೆ. ಅಷ್ಟನ್ನು ಈಗ ಮಾಡಬಲ್ಲೆವು. ಅವಳು ಎದ್ದು ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತು, "ಟೀ ಕೊಡಮ್ಮಿ," ಎನ್ನುತ್ತಾಳೆ. ನಾನು ಕೊಡುತ್ತೇನೆ. ಲೋಟ ಹಿಡಿದು ಹಿತ್ತಲಿಗೆ ಹೋಗುತ್ತಾಳೆ.